ಅಂಗಡಿಗೆ ಎಂತಹ ಕಣ್ಣು ಬೇಕು?

ಮಲೆನಾಡಿನ ಪೇಟೆಗಳಲ್ಲಿ ಇಂದು ಕ್ಯಾಮೆರಾ ಇಲ್ಲದ ಅಂಗಡಿ ಅಪರೂಪವಾಗುತ್ತಿದೆ. ತಾಲ್ಲೂಕು ಕೇಂದ್ರಗಳಾದ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಾತು ಹಾಗಿರಲಿ. ವೈಸರಾಯ್ ಲಾರ್ಡ್ ರಿಪ್ಪನ್ನನ ಹೆಸರನ್ನು ಹೊತ್ತ ನಮ್ಮ ರಿಪ್ಪನ್‌ಪೇಟೆಯಲ್ಲಿಯೂ ಅಡಿಕೆ ಮಂಡಿ, ಜವಳಿ ಅಂಗಡಿ, ಔಷಧಿ ಅಂಗಡಿ, ಗೊಬ್ಬರದ ಅಂಗಡಿ, ಕಡೆಗೆ ಚಹಾ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೂ ಒಂದು ಗಾಜಿನ ಕಣ್ಣು ನೆಟ್ಟಿರುತ್ತದೆ. ನಮ್ಮ ಬಾಲ್ಯದಲ್ಲಿ ಅಂಗಡಿಯ ಕಾವಲೆಂದರೆ ಹಲಸಿನ ಮರದ ಬಾಗಿಲು, ಹಿತ್ತಾಳೆಯ ಬೀಗ, ಹೊರಜಗುಲಿಯಲ್ಲಿ ಕಂಬಳಿ ಹೊದ್ದು ಮಲಗುವ ಆಳು, ಅವನ ಕಾಲಬುಡದಲ್ಲೊಂದು ನಾಯಿ. ಇಷ್ಟರಲ್ಲಿಯೇ ತಲೆಮಾರುಗಳ ವ್ಯಾಪಾರ ನಡೆದುಹೋಯಿತು. ಈಗ ಕಾಲ ಬದಲಾಗಿದೆ, ಕಾವಲೂ ಬದಲಾಗಿದೆ.

ಆದರೆ ಕ್ಯಾಮೆರಾ ಕೊಳ್ಳಲು ಹೊರಟವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಮಾರುಕಟ್ಟೆಯಲ್ಲಿ ಎರಡು ಬಗೆಯವು ದೊರೆಯುತ್ತವೆ. ಒಂದು ಗೃಹಬಳಕೆಯದು. ಎರಡು ಮೂರು ಸಾವಿರ ರೂಪಾಯಿ ಕೊಟ್ಟು ತಂದು, ಗೋಡೆಗೆ ಸಿಕ್ಕಿಸಿ, ವೈ-ಫೈಗೆ ಜೋಡಿಸಿದರೆ ಮೊಬೈಲಿನಲ್ಲಿ ಚಿತ್ರ ಮೂಡುತ್ತದೆ. ಇನ್ನೊಂದು ವಾಣಿಜ್ಯ ಬಳಕೆಯದು. ಅದಕ್ಕೆ ಕೇಬಲ್ ಎಳೆಯಬೇಕು, ಧ್ವನಿಚಿತ್ರವನ್ನು ಸಂಗ್ರಹಿಸುವ ಪ್ರತ್ಯೇಕ ಪೆಟ್ಟಿಗೆ ಇಡಬೇಕು, ಬಲ್ಲವರನ್ನು ಕರೆಸಿ ಕೂಡಿಸಬೇಕು; ಖರ್ಚು ಹಲವು ಪಟ್ಟು. ಚಿತ್ರ ಎರಡರಲ್ಲಿಯೂ ಸ್ವಚ್ಛವಾಗಿಯೇ ಕಾಣುವಾಗ ಹೆಚ್ಚು ಹಣ ತೆರುವುದೇಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಇದು ಯಂತ್ರದ ವಿಷಯ, ಮಠದಲ್ಲಿ ಶಾಸ್ತ್ರ ಓದಿಕೊಂಡವರಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಮಗೂ ಇದು ತಾನಾಗಿ ಬಂದ ಕುತೂಹಲವಲ್ಲ. ಒಬ್ಬ ಮನುಷ್ಯನ ಮಾನ ಈ ಯಂತ್ರದ ಮೇಲೆ ತೂಗಾಡಿದ್ದನ್ನು ಕಣ್ಣಾರೆ ಕಂಡ ಮೇಲೆ ಇದನ್ನು ತಿಳಿದುಕೊಳ್ಳುವುದು ಅನಿವಾರ್ಯವಾಯಿತು.

ನಮ್ಮ ಸೋದರಳಿಯನಿಗೆ ಈ ಸೀಮೆಯಲ್ಲಿ ಅಡಿಕೆ ಮಂಡಿಯಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದ ಚೀಲಗಳು ಅವನ ಗೋದಾಮಿನಲ್ಲಿ ಅಟ್ಟಿಯಾಗಿ ನಿಂತಿರುತ್ತವೆ. ರಾಶಿ ಅಡಿಕೆಯ ಧಾರಣೆ ಆಗ ಕ್ವಿಂಟಾಲಿಗೆ ೫೦,೦೦೦ ರೂಪಾಯಿಗಳ ಆಸುಪಾಸಿನಲ್ಲಿತ್ತು ಎಂಬುದು ಬೆಳೆಗಾರರೆಲ್ಲರಿಗೂ ತಿಳಿದ ಮಾತು. ಅರವತ್ತೈದು ಕಿಲೋ ತೂಗುವ ಒಂದು ಚೀಲವೆಂದರೆ ಮೂವತ್ತು ಸಾವಿರಕ್ಕೂ ಮೀರಿದ ಬದುಕು. ಆದ್ದರಿಂದ ಅವನು ಮನೆಗೆ ತಂದಂತಹವೇ ಎರಡು ಕ್ಯಾಮೆರಾಗಳನ್ನು ತಂದು ಗೋದಾಮಿನ ಮೂಲೆಯಲ್ಲಿ, ಹೆಂಚಿನ ಮಾಡಿನ ಕೆಳಗೆ, ಹಾಕಿಸಿದ್ದನು. ಒಂದು ವರ್ಷ ಅವು ಏನನ್ನೂ ಹೇಳಬೇಕಾದ ಸಂದರ್ಭ ಒದಗಲಿಲ್ಲ.

ಯುಗಾದಿಯ ಮುನ್ನ ಲಾರಿಗೆ ಚೀಲ ಏರಿಸುವ ದಿನ ಲೆಕ್ಕ ಹಾಕಿದಾಗ ರಾಶಿಯ ಒಂದು ಚೀಲ ಕಡಿಮೆಯಾಯಿತು. ಮತ್ತೆ ಎಣಿಸಿದರು, ಪುಸ್ತಕ ನೋಡಿದರು, ಆದರೂ ಕಡಿಮೆಯೇ. ಆಗ ಕ್ಯಾಮೆರಾದ ನೆನಪಾಯಿತು. ಅದರೊಳಗಿನ ಮೆಮೊರಿ ಕಾರ್ಡಿನಲ್ಲಿ ಐದಾರು ದಿನಗಳದ್ದು ಮಾತ್ರ ಉಳಿದಿತ್ತು. ಅದಕ್ಕೂ ಹಿಂದಿನದರ ಮೇಲೆ ಹೊಸದು ಬರೆದುಕೊಂಡಿತ್ತು. ಉಳಿದುದರಲ್ಲಿ ಒಂದು ಸಂಜೆಯ ಮಬ್ಬಿನಲ್ಲಿ ಯಾರೋ ಒಬ್ಬರು ಬೆನ್ನ ಮೇಲೆ ಚೀಲ ಹೊತ್ತು ಹಿಂಬಾಗಿಲ ಕಡೆಗೆ ಹೋಗುವುದು ಕಂಡಿತು. ತಲೆಗೆ ಸುತ್ತಿದ ಟವೆಲ್ಲು ಕಂಡಿತು, ಬಾಗಿದ ನಡಿಗೆ ಕಂಡಿತು, ಮುಖ ಕಾಣಲಿಲ್ಲ. ಆ ನಡಿಗೆ ಇಪ್ಪತ್ತೆರಡು ವರ್ಷಗಳಿಂದ ಅದೇ ಮಂಡಿಯಲ್ಲಿ ಚೀಲ ಹೊತ್ತಿದ್ದ ಹಮಾಲಿಯೊಬ್ಬನದರಂತಿದೆ ಎಂದು ಯಾರೋ ಅಂದರು. ಅಂದ ಮಾತು ಹಿಂದೆ ಹೋಗಲಿಲ್ಲ.

ಆ ದಿನ ತಾನು ಮಧ್ಯಾಹ್ನವೇ ಕೆಲಸ ಮುಗಿಸಿ ನಾಲ್ಕೂವರೆಯ ಬಸ್ಸಿಗೆ ಊರಿಗೆ ಹೋದೆನೆಂದು ಆತ ಹೇಳಿದ. ಚಿತ್ರದ ಮೂಲೆಯಲ್ಲಿ ಮೂಡಿದ್ದ ಗಂಟೆ ನಾಲ್ಕೂಕಾಲು. ಆದರೆ ನಾವು ಆ ಕ್ಯಾಮೆರಾದ ಗಡಿಯಾರವನ್ನು ಕೈಗಡಿಯಾರದೊಡನೆ ಹೋಲಿಸಿ ನೋಡಿದಾಗ ಅದು ಮುಕ್ಕಾಲು ಗಂಟೆ ಹಿಂದಿತ್ತು! ವಿದ್ಯುತ್ ಹೋಗಿ ಬಂದು, ಇಂಟರ್ನೆಟ್ಟಿನ ಸಂಪರ್ಕ ತಪ್ಪಿ, ಅದರ ಕಾಲ ಹಳಿ ತಪ್ಪಿತ್ತು. ಅದು ಎಂದಿನಿಂದ ತಪ್ಪಿತ್ತೆಂಬುದನ್ನು ಹೇಳುವವರಾರು? “ನಾನು ಮಾಡಿಲ್ಲ ಅನ್ನೋದನ್ನ ಆ ಕ್ಯಾಮೆರಾನೇ ಹೇಳ್ಲಿ ಸಾವ್ಕಾರ್ರೆ, ಇನ್ನೊಂದ್ಸಲ ಹಾಕಿ ನೋಡಿ” ಎಂದು ಆತ ಕೈಮುಗಿದು ನಿಂತ. ಇನ್ನೊಂದು ಸಲ ಹಾಕಿದರು. ಹತ್ತು ಸಲ ಹಾಕಿದರು. ಅದು ಅವನನ್ನು ಹಿಡಿದುಕೊಡಲಿಲ್ಲ, ಬಿಡಿಸಲೂ ಇಲ್ಲ.

ನಮ್ಮ ಅಳಿಯ ಪೊಲೀಸರಿಗೆ ದೂರು ಕೊಡಲಿಲ್ಲ. ಕಳ್ಳನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಯುಗಾದಿಯ ಬೇವು-ಬೆಲ್ಲಕ್ಕೆ ಪ್ರತಿವರ್ಷ ಮನೆಯವರೊಡನೆ ಬರುತ್ತಿದ್ದವನು ಆ ವರ್ಷ ಬರಲಿಲ್ಲ. ಅನಂತರ ಕೆಲಸಕ್ಕೂ ಬರಲಿಲ್ಲ. ಈಗ ಬೇರೊಂದು ಊರಿನಲ್ಲಿ ಚೀಲ ಹೊರುತ್ತಿದ್ದಾನೆಂದು ಕೇಳಿದ್ದೇವೆ. ಚೀಲ ಎಲ್ಲಿಗೆ ಹೋಯಿತೆಂಬುದು ಇಂದಿಗೂ ತಿಳಿದಿಲ್ಲ. ಮೂವತ್ತು ಸಾವಿರದ ನಷ್ಟವನ್ನು ವ್ಯಾಪಾರ ಒಂದೆರಡು ವಾರದಲ್ಲಿ ಮರೆಯಿತು. ಇಪ್ಪತ್ತೆರಡು ವರ್ಷದ ವಿಶ್ವಾಸ ಹೋದುದನ್ನು ಆ ಮನೆ ಮರೆತಿಲ್ಲ.

ಕೆಲವು ದಿನಗಳಾದ ಮೇಲೆ ಅಳಿಯ ನಮ್ಮಲ್ಲಿಗೆ ಬಂದು, “ಮಾವ, ಇವನ್ನೆಲ್ಲ ಕಿತ್ತು ಬೇರೆ ಹಾಕಿಸಬೇಕೆಂದಿದ್ದೇನೆ. ಅಂಗಡಿಯವರು ಹೇಳುವುದು ಅರ್ಧ ಅರ್ಥವಾಗುವುದಿಲ್ಲ. ನೀವು ಜೊತೆಗೆ ಬನ್ನಿ” ಎಂದನು. ನಾವು ಒಪ್ಪಿದೆವು. ಶಿವಮೊಗ್ಗದ ಕೆಲವು ಅಂಗಡಿಗಳನ್ನು ಕಂಡು, ಕೈಗೆ ಸಿಕ್ಕ ಕೈಪಿಡಿಗಳನ್ನು ಓದಿ, ಬಲ್ಲ ಹುಡುಗರನ್ನು ಕೇಳಿ ನಾವು ತಿಳಿದುಕೊಂಡುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲಿಗೆ ಈ ಯಂತ್ರದ ಪೂರ್ವೋತ್ತರ. ೧೯೪೨ರಲ್ಲಿ ಜರ್ಮನಿಯ ಪೀನೆಮ್ಯೂಂಡೆ ಎಂಬಲ್ಲಿ ವಿ-೨ ರಾಕೆಟ್ಟುಗಳ ಉಡಾವಣೆಯನ್ನು ಅಪಾಯವಿಲ್ಲದ ದೂರದಿಂದ ನೋಡಲೆಂದು ಇಂತಹ ಕ್ಯಾಮೆರಾವನ್ನು ಬಳಸಿದರು. ಇದು ಯುದ್ಧದ, ಕಾರ್ಖಾನೆಯ ಮನೆತನ. ಇನ್ನೊಂದು ಮನೆತನ ಗೃಹಿಣಿಯದು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿಯು ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಇರಬೇಕಾಗುತ್ತಿದ್ದುದರಿಂದ, ಬಾಗಿಲ ಹೊರಗೆ ನಿಂತವರನ್ನು ಒಳಗಿನ ಪರದೆಯ ಮೇಲೆ ನೋಡುವ ಏರ್ಪಾಡೊಂದನ್ನು ಪತಿಯೊಡನೆ ಕೂಡಿ ರೂಪಿಸಿದಳು. ೧೯೬೬ರಲ್ಲಿ ಅರ್ಜಿ ಹಾಕಿ ೧೯೬೯ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. ಬಾಗಿಲಲ್ಲಿ ಯಾರು ಬಂದಿದ್ದಾರೆ ಎಂಬುದನ್ನು ಆ ಕ್ಷಣದಲ್ಲಿ ತಿಳಿಯುವುದು ಮನೆಯ ಕ್ಯಾಮೆರಾದ ಮೂಲ ಉದ್ದೇಶ. ನಡೆದುದನ್ನು ದಿನಗಟ್ಟಲೆ ಕಾದಿಟ್ಟು, ಕೇಳಿದಾಗ ಸಾಕ್ಷಿ ನುಡಿಯುವುದು ವ್ಯವಹಾರದ ಕ್ಯಾಮೆರಾದ ಕರ್ತವ್ಯ. ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದಾಗಲೇ ತೊಡಕು ಹುಟ್ಟುತ್ತದೆ.

ಮಠದ ಪಾಠಶಾಲೆಯಲ್ಲಿ ಯಾವುದೇ ಗ್ರಂಥವನ್ನು ತೆರೆಯುವ ಮೊದಲು ಗುರುಗಳು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಿದ್ದರು. ಇದರ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಇದಕ್ಕೆ ಅಧಿಕಾರಿ ಯಾರು? ಇದನ್ನು ಅನುಬಂಧ ಚತುಷ್ಟಯವೆಂದು ಕರೆಯುತ್ತಾರೆ. ಕ್ಯಾಮೆರಾ ಕೊಳ್ಳುವವನಿಗೂ ಈ ನಾಲ್ಕು ಪ್ರಶ್ನೆಗಳು ಸಾಕು.

ವಿಷಯವೆಂದರೆ, ಏನನ್ನು ನೋಡಬೇಕು? “ಎಲ್ಲವನ್ನೂ” ಎಂದು ಅಂಗಡಿಯ ಮಾಲೀಕರು ಉತ್ತರಿಸುತ್ತಾರೆ. ಎಲ್ಲವನ್ನೂ ನೋಡುವ ಕಣ್ಣು ಯಾವುದನ್ನೂ ಸರಿಯಾಗಿ ನೋಡುವುದಿಲ್ಲ. ಐರೋಪ್ಯ ದೇಶಗಳ ಮಾನದಂಡವೊಂದು ಇದನ್ನು ಅಳತೆಗೆ ಒಳಪಡಿಸಿದೆ. ಚಿತ್ರವು ಬಿಂದುಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆದದ್ದಷ್ಟೆ. ಒಂದು ಮೀಟರ್ ಅಗಲದ ಜಾಗಕ್ಕೆ ೨೫ ಬಿಂದುಗಳು ಬಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂದಷ್ಟೇ ತಿಳಿಯುತ್ತದೆ. ೧೨೫ ಬಿದ್ದರೆ ಪರಿಚಿತನಾದವನನ್ನು ಇಂಥವನೆಂದು ಗುರುತಿಸಬಹುದು. ಅಪರಿಚಿತನನ್ನೂ ಸಂದೇಹಕ್ಕೆ ಎಡೆಯಿಲ್ಲದಂತೆ ಗುರುತಿಸಬೇಕಾದರೆ ೨೫೦ ಬೇಕು. ಫುಲ್ ಎಚ್.ಡಿ. ಎಂದು ಮಾರುವ ಕ್ಯಾಮೆರಾದಲ್ಲಿ ಅಡ್ಡಸಾಲಿಗೆ ೧,೯೨೦ ಬಿಂದುಗಳಿರುತ್ತವೆ. ಅದನ್ನು ೨೫೦ರಿಂದ ಭಾಗಿಸಿದರೆ ಏಳೂವರೆ ಮೀಟರಿಗೆ ತುಸು ಹೆಚ್ಚು. ಅಂದರೆ ಅದು ಅಷ್ಟು ಅಗಲದ ಜಾಗದಲ್ಲಿ ಮಾತ್ರ ಮುಖವನ್ನು ಖಚಿತವಾಗಿ ಹೇಳಬಲ್ಲದು. ಇಪ್ಪತ್ತು ಮೀಟರ್ ಅಗಲದ ಗೋದಾಮನ್ನು ಒಂದೇ ಕಣ್ಣಿಗೆ ತುಂಬಿಸಿದರೆ ಮೀಟರಿಗೆ ಬೀಳುವುದು ೯೬ ಬಿಂದು. ಟವೆಲ್ಲು ಕಂಡು ಮುಖ ಕಾಣದೆ ಹೋದುದರ ಕಾರಣ ಈ ಸರಳ ಭಾಗಾಕಾರದಲ್ಲಿದೆ.

ಇನ್ನೂ ಎರಡು ಮಾತುಗಳಿವೆ. ಮಾಡಿನ ಮೂಲೆಯಲ್ಲಿ ಎತ್ತರಕ್ಕೆ ಹಾಕಿದ ಕ್ಯಾಮೆರಾ ನೆತ್ತಿಯನ್ನು ನೋಡುತ್ತದೆ, ಮುಖವನ್ನಲ್ಲ. ಜನ ಹಾದುಹೋಗಲೇಬೇಕಾದ ಬಾಗಿಲಿನ ಬಳಿ, ಆದಷ್ಟು ಮುಖದ ಮಟ್ಟಕ್ಕೆ ಸಮೀಪವಾಗಿ ಒಂದನ್ನು ಇಡಬೇಕು. ಎರಡನೆಯದಾಗಿ, ಬಾಗಿಲಿನ ಹೊರಗೆ ಪ್ರಖರ ಬಿಸಿಲಿದ್ದು ಒಳಗೆ ಕತ್ತಲಿದ್ದರೆ ಒಳಬರುವವನು ಕರಿಯ ನೆರಳಾಗಿ ಕಾಣುತ್ತಾನೆ. ಬೆಳಕು-ನೆರಳುಗಳ ಈ ಅಂತರವನ್ನು ಸರಿದೂಗಿಸುವ ಶಕ್ತಿ ವಾಣಿಜ್ಯ ಬಳಕೆಯ ಒಳ್ಳೆಯ ಕ್ಯಾಮೆರಾಗಳಲ್ಲಿರುತ್ತದೆ. ಅಗ್ಗದವುಗಳಲ್ಲಿ ಹೆಸರಿಗೆ ಮಾತ್ರ ಇರುವುದುಂಟು. ಆದ್ದರಿಂದ ಕೊಳ್ಳುವ ಮೊದಲು ಮಧ್ಯಾಹ್ನದ ಬಿಸಿಲಿನಲ್ಲಿ ನಮ್ಮದೇ ಬಾಗಿಲಲ್ಲಿ ಪರೀಕ್ಷಿಸಿ ತೋರಿಸೆಂದು ಕೇಳುವುದು ಜಾಣತನ.

ಪ್ರಯೋಜನವೆಂದರೆ, ನೋಡಿದ್ದು ಯಾವಾಗ, ಯಾರೆದುರು ಉಪಯೋಗಕ್ಕೆ ಬರಬೇಕು? ಮನೆಯಲ್ಲಿ ಕಳವಾದರೆ ಆ ದಿನವೇ ತಿಳಿಯುತ್ತದೆ. ಮಂಡಿಯಲ್ಲಿ ಹಾಗಲ್ಲ, ಲಾರಿ ತುಂಬುವಾಗಲೋ ತಿಂಗಳ ಲೆಕ್ಕ ಮುಗಿಸುವಾಗಲೋ ತಿಳಿಯುತ್ತದೆ. ಆದ್ದರಿಂದ ಎಷ್ಟು ದಿನದ ಚಿತ್ರ ಉಳಿಯಬೇಕೆಂಬುದೇ ಮುಖ್ಯ. ಲೆಕ್ಕ ಹೀಗಿದೆ: ಸೆಕೆಂಡಿಗೆ ೨ ಮೆಗಾಬಿಟ್‌ನಂತೆ ನಿರಂತರವಾಗಿ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ ೨೧.೬ ಗಿಗಾಬೈಟ್ ಜಾಗವನ್ನು ನುಂಗುತ್ತದೆ. ೧೨೮ ಗಿಗಾಬೈಟಿನ ಕಾರ್ಡು ಆರು ದಿನವೂ ತುಂಬ ಬರುವುದಿಲ್ಲ. ಆರು ಕ್ಯಾಮೆರಾಗಳಿಗೆ ೩೦ ದಿನದ ಸಂಗ್ರಹ ಬೇಕೆಂದರೆ ೩,೮೮೮ ಗಿಗಾಬೈಟ್. ಇದು ಕಾರ್ಡಿನ ಕೆಲಸವಲ್ಲ. ಹಗಲಿರುಳು ಬರೆಯುತ್ತಲೇ ಇರಲೆಂದು ತಯಾರಿಸಿದ ಹಾರ್ಡ್‌ಡಿಸ್ಕಿನ ಕೆಲಸ.

ಚಿತ್ರವನ್ನು ಇಂಟರ್ನೆಟ್ಟಿನ ಮೂಲಕ ದೂರದ ಭಂಡಾರಕ್ಕೆ ಕಳಿಸಿ ಇಡುತ್ತೇವೆಂದು ಕೆಲವು ಗೃಹಬಳಕೆಯ ಕಂಪನಿಗಳು ತಿಂಗಳ ಶುಲ್ಕ ಪಡೆಯುತ್ತವೆ. ಅಡಚಣೆಯಿಲ್ಲದೆ ಕಳಿಸುವುದಾದರೆ ಒಂದೊಂದು ಕ್ಯಾಮೆರಾದಿಂದ ತಿಂಗಳಿಗೆ ೬೪೮ ಗಿಗಾಬೈಟ್ ಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ, ಟವರಿನ ಬ್ಯಾಟರಿ ಮುಗಿದು ಮೊಬೈಲ್ ಮೂಕವಾಗುವ ನಮ್ಮ ಸೀಮೆಯಲ್ಲಿ ಇದನ್ನು ನಂಬುವುದೆಂತು? ಆದ್ದರಿಂದಲೇ ಅಂತಹ ಏರ್ಪಾಡುಗಳು ಏನಾದರೂ ಅಲುಗಾಡಿದಾಗ ಮಾತ್ರ ಹಲವು ಸೆಕೆಂಡುಗಳ ತುಣುಕನ್ನು ಕಳಿಸುತ್ತವೆ. ತುಣುಕಿನಲ್ಲಿ ಮನುಷ್ಯ ಹೊರಹೋಗುವುದು ಕಾಣುತ್ತದೆ. ಅವನು ಏಕೆ ಹೋದ, ಯಾರು ಹೇಳಿದ್ದಕ್ಕೆ ಹೋದ, ಯಾವಾಗ ಮರಳಿದ ಎಂಬುದು ಕಾಣುವುದಿಲ್ಲ. ಅರ್ಧ ಸತ್ಯವನ್ನು ಹೇಳುವ ಸಾಕ್ಷಿ ಸುಳ್ಳುಸಾಕ್ಷಿಗಿಂತ ಅಪಾಯಕಾರಿ. ಅದನ್ನು ಜನ ನಂಬುತ್ತಾರೆ.

ಕಾನೂನೂ ಇಲ್ಲಿ ಮಾತನಾಡುತ್ತದೆ. ಕರ್ನಾಟಕದಲ್ಲಿ ೨೦೧೭ರ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮವು ಏಕಕಾಲಕ್ಕೆ ೧೦೦ ಜನ ಅಥವಾ ದಿನಕ್ಕೆ ೫೦೦ ಜನ ಸೇರುವ ಸಂಭವವಿರುವ ವಾಣಿಜ್ಯ ಸಂಸ್ಥೆ, ಆಸ್ಪತ್ರೆ, ವಿದ್ಯಾಸಂಸ್ಥೆ, ಧಾರ್ಮಿಕ ಸ್ಥಳ ಮೊದಲಾದವುಗಳಿಗೆ ಕ್ಯಾಮೆರಾ ಅಳವಡಿಸಿ ೩೦ ದಿನಗಳ ಚಿತ್ರವನ್ನು ಕಾದಿಡಬೇಕೆಂದು ವಿಧಿಸಿದೆ. ನಮ್ಮ ಸಮಾಜದ ಕಲ್ಯಾಣ ಮಂಟಪಗಳನ್ನೂ ಶಾಲೆಗಳನ್ನೂ ನೋಡಿಕೊಳ್ಳುವವರು ಇದನ್ನು ಗಮನಿಸಬೇಕು. ಸಣ್ಣ ಅಂಗಡಿಗೆ ಆ ಕಟ್ಟಳೆ ಅನ್ವಯಿಸದಿದ್ದರೂ ೩೦ ದಿನವೆಂಬುದು ಒಳ್ಳೆಯ ಅಳತೆಗೋಲು.

ನ್ಯಾಯಾಲಯದ ಮುಂದೆ ಚಿತ್ರವನ್ನಿಡಬೇಕಾದರೆ ಅದರೊಡನೆ ಪ್ರಮಾಣಪತ್ರ ಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮು ಈ ಪ್ರಮಾಣಪತ್ರವನ್ನು ಎರಡು ಭಾಗವಾಗಿಸಿದೆ. ಒಂದನ್ನು ಸಲ್ಲಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಚಿತ್ರದ ಕಡತವನ್ನು ಅನಂತರ ಯಾರೂ ತಿದ್ದಿಲ್ಲವೆಂದು ತೋರಿಸುವ, ಬೆರಳಚ್ಚಿನಂತಹ ಸಂಖ್ಯೆಯೊಂದನ್ನೂ ಅದರಲ್ಲಿ ನಮೂದಿಸಬೇಕು. ಮೊಬೈಲಿನ ಪರದೆಯನ್ನು ಇನ್ನೊಂದು ಮೊಬೈಲಿನಿಂದ ಚಿತ್ರಿಸಿ ವಾಟ್ಸಾಪಿನಲ್ಲಿ ಹಂಚಿದ್ದನ್ನು ಸಾಕ್ಷ್ಯವೆಂದು ನೆಚ್ಚಲಾಗದು. ಮೂಲ ಪೆಟ್ಟಿಗೆ ನಮ್ಮ ಕೈಯಲ್ಲಿರಬೇಕು, ಅದರ ಗಡಿಯಾರ ಸರಿಯಿರಬೇಕು, ಅದರಿಂದ ಕಡತವನ್ನು ಇದ್ದಂತೆಯೇ ಹೊರತೆಗೆಯಲು ಬರಬೇಕು.

ಮೂರನೆಯದು ಸಂಬಂಧ, ಕಣ್ಣಿಗೂ ಅದರ ಸ್ಮೃತಿಗೂ ಇರುವ ನಂಟು. ಗೃಹಬಳಕೆಯದರಲ್ಲಿ ಇದು ಬಹುಪಾಲು ವೈ-ಫೈ ಅಲೆ. ವಾಣಿಜ್ಯ ಬಳಕೆಯದರಲ್ಲಿ ತಂತಿ. ದಪ್ಪ ಕಲ್ಲುಗೋಡೆ, ಅಟ್ಟಿಯಾಗಿ ಒಟ್ಟಿದ ಚೀಲ, ತಗಡಿನ ಮಾಡು ಇವುಗಳ ನಡುವೆ ಅಲೆ ಸೊರಗುತ್ತದೆ. ಒಂದೇ ಕೇಬಲಿನಲ್ಲಿ ಚಿತ್ರವೂ ವಿದ್ಯುತ್ತೂ ೧೦೦ ಮೀಟರಿನವರೆಗೆ ಹರಿಯುವ ವ್ಯವಸ್ಥೆ ಈಗಿದೆ. ಅದರ ಮೂಲಕ್ಕೆ ಒಂದು ಯು.ಪಿ.ಎಸ್. ಕೊಟ್ಟರೆ ಕರೆಂಟು ಹೋದಾಗ ಎಲ್ಲ ಕಣ್ಣುಗಳೂ ಒಟ್ಟಿಗೆ ತೆರೆದಿರುತ್ತವೆ. ಬಿಡಿಬಿಡಿಯಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಕ್ಯಾಮೆರಾವನ್ನು ಕುರುಡಾಗಿಸಲು ಕಳ್ಳನಿಗೆ ಒಂದು ಸ್ವಿಚ್ಚು ಸಾಕು.

ಆದರೆ ತಂತಿಗೆ ಮಲೆನಾಡಿನಲ್ಲಿ ಶತ್ರುವೊಂದಿದೆ, ಸಿಡಿಲು. ಹುಲಿಕಲ್, ಆಗುಂಬೆಗಳ ನೆರೆಯಲ್ಲಿರುವ ನಮಗೆ ಮುಂಗಾರಿಗೆ ಮುಂಚಿನ ಗುಡುಗು-ಮಿಂಚಿನ ಪರಿಚಯ ಹೊಸದಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಎಳೆದ ತಾಮ್ರದ ತಂತಿಯಲ್ಲಿ ಸಿಡಿಲಿನ ಸೆಳೆತ ನುಗ್ಗಿ ಸಾಲಾಗಿ ಎಲ್ಲ ಯಂತ್ರಗಳನ್ನೂ ಸುಡಬಲ್ಲದು. ಅಂತಹ ಕಡೆ ವಿದ್ಯುತ್ತನ್ನು ಸಾಗಿಸದ ಆಪ್ಟಿಕಲ್ ಫೈಬರ್ ಎಳೆಸುವುದು, ಸರಿಯಾದ ಅರ್ಥಿಂಗ್ ಮಾಡಿಸುವುದು ಲೇಸು. ಹೊರಗೆ ಹಾಕುವ ಕ್ಯಾಮೆರಾಕ್ಕೆ ಐ.ಪಿ. ೬೬ ಅಥವಾ ೬೭ ಎಂಬ ಗುರುತಿರಬೇಕು; ಮೊದಲ ಅಂಕಿ ಧೂಳಿನಿಂದ, ಎರಡನೆಯದು ನೀರಿನಿಂದ ದೊರೆಯುವ ರಕ್ಷಣೆಯನ್ನು ಹೇಳುತ್ತದೆ. ರಾತ್ರಿ ಇವು ಚೆಲ್ಲುವ ಅವಗೆಂಪು ಬೆಳಕಿನ ಬಳಿ ಹುಳುಗಳು ಸುಳಿಯುತ್ತವೆ, ಜೇಡ ಬಲೆ ನೇಯುತ್ತದೆ. ಬಲೆಯ ಎಳೆ ಹೊಳೆದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸುವ ಕೆಲಸವನ್ನು ಬೆಲೆಬಾಳುವ ಕ್ಯಾಮೆರಾವೂ ತಾನಾಗಿ ಮಾಡಿಕೊಳ್ಳಲಾರದು.

ನಾಲ್ಕನೆಯದು ಅಧಿಕಾರಿ; ಈ ಚಿತ್ರವನ್ನು ನೋಡಲು ಹಕ್ಕುಳ್ಳವರು ಯಾರು? ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ.

ಮೊದಲು ಹಕ್ಕಿಲ್ಲದವರ ಮಾತು. ೨೦೧೬ರ ಅಕ್ಟೋಬರ್ ೨೧ರಂದು ಅಮೆರಿಕದ ಅನೇಕ ದೊಡ್ಡ ಅಂತರ್ಜಾಲ ತಾಣಗಳು ಗಂಟೆಗಟ್ಟಲೆ ಸ್ಥಗಿತಗೊಂಡವು. ಮಿರಾಯ್ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ನಾನಾ ಕಡೆ ಮನೆ-ಅಂಗಡಿಗಳಲ್ಲಿದ್ದ ಕ್ಯಾಮೆರಾ, ದಾಖಲೆ ಪೆಟ್ಟಿಗೆ ಮುಂತಾದವುಗಳೊಳಗೆ ಹೊಕ್ಕು, ಅವೆಲ್ಲವನ್ನೂ ಏಕಕಾಲಕ್ಕೆ ದಾಳಿಗೆ ಹಚ್ಚಿದುದೇ ಕಾರಣ. ಹೊಕ್ಕದ್ದು ಹೇಗೆ? ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಕೊಂಡವರು ಬದಲಿಸಿರಲಿಲ್ಲ. ಬೆಲೆ ಹೆಚ್ಚಿದ್ದರೆ ಭಯವಿಲ್ಲವೆಂದೂ ಭಾವಿಸಬಾರದು. ೨೦೨೧ರ ಮಾರ್ಚ್‌ನಲ್ಲಿ ವರ್ಕಾಡಾ ಎಂಬ ವಾಣಿಜ್ಯ ಕ್ಯಾಮೆರಾ ಕಂಪನಿಯ ವ್ಯವಸ್ಥೆಗೆ ಹೊರಗಿನವರು ನುಗ್ಗಿದಾಗ ಆಸ್ಪತ್ರೆ, ಸೆರೆಮನೆ, ಕಾರ್ಖಾನೆಗಳಲ್ಲಿದ್ದ ಸುಮಾರು ೧,೫೦,೦೦೦ ಕ್ಯಾಮೆರಾಗಳು ಅವರ ಕಣ್ಣಿಗೆ ತೆರೆದುಕೊಂಡವು. ಭಾರತ ಸರ್ಕಾರವು ೨೦೨೪ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿ, ಸಿ.ಸಿ. ಟಿ.ವಿ. ಕ್ಯಾಮೆರಾಗಳು ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೇ ಮಾರುಕಟ್ಟೆಗೆ ಬರಬೇಕೆಂಬ ನಿಯಮವನ್ನು ೨೦೨೫ರ ಏಪ್ರಿಲ್ ೯ರಿಂದ ಜಾರಿಗೊಳಿಸಿತು. ಗೃಹಬಳಕೆಯದಾಗಲಿ ವಾಣಿಜ್ಯದ್ದಾಗಲಿ, ಕೊಳ್ಳುವಾಗ ಈ ಪ್ರಮಾಣೀಕರಣ ಪಡೆದ ಮಾದರಿಯೇ ಎಂದು ಕೇಳುವುದು ಗ್ರಾಹಕರ ಹಕ್ಕು. ಕೂಡಿಸಿದ ಹುಡುಗ ಹೊರಟ ಮರುಕ್ಷಣವೇ ಪಾಸ್‌ವರ್ಡ್ ಬದಲಿಸುವುದು ಗ್ರಾಹಕರ ಕರ್ತವ್ಯ.

ಇನ್ನು ಅಂಗಡಿಯೊಳಗಿನವರ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಕೂಲಿಗೆ ಬಂದವರು ಬೆವರು ಒರೆಸಿಕೊಂಡು ಅಂಗಿ ಬದಲಿಸುವ ಕೋಣೆಯಲ್ಲಿ, ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕೂರುವ ಜಗುಲಿಯಲ್ಲಿ ಕ್ಯಾಮೆರಾ ಇಡುವುದು ಎಷ್ಟು ಮಾತ್ರಕ್ಕೂ ಸಲ್ಲದು. ನೆರೆಮನೆಯ ಅಂಗಳ ನಮ್ಮ ಪರದೆಯ ಮೇಲೆ ಮೂಡಬಾರದು. ಗೃಹಬಳಕೆಯ ಕ್ಯಾಮೆರಾಗಳಲ್ಲಿ ಮಾತನ್ನೂ ಹಿಡಿಯುವ ಸೌಕರ್ಯ ಸಾಮಾನ್ಯ. ಅಂಗಡಿಯಲ್ಲಿ ಅದನ್ನು ಮುಚ್ಚಿಡುವುದೇ ಮರ್ಯಾದೆ. ಮಾಲೀಕನ ಮೊಬೈಲಿನಲ್ಲಿ ಕಾಣುವುದು ಅವನ ಮಕ್ಕಳ, ಗೆಳೆಯರ ಮೊಬೈಲಿನಲ್ಲಿಯೂ ಕಾಣುವಂತಾದರೆ ಕಾವಲು ಹೋಗಿ ಕುತೂಹಲ ಉಳಿಯುತ್ತದೆ. ಯಾರಿಗೆ ನೋಡಲು ಅನುಮತಿ, ಯಾರು ಯಾವಾಗ ನೋಡಿದರು ಎಂಬುದನ್ನು ಬೇರೆಬೇರೆಯಾಗಿ ಗೊತ್ತುಪಡಿಸುವ ಸೌಲಭ್ಯ ವಾಣಿಜ್ಯ ಬಳಕೆಯ ಪೆಟ್ಟಿಗೆಗಳಲ್ಲಿ ಹೆಚ್ಚು.

ಆದರೆ ಅಧಿಕಾರಿಗಳ ಸಾಲಿನಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಬ್ಬನಿದ್ದಾನೆ. ಅವನೇ ಕ್ಯಾಮೆರಾದ ಎದುರು ದಿನವೆಲ್ಲ ದುಡಿಯುವವನು. ಮಾಲೀಕನು ತನ್ನ ಸೊತ್ತನ್ನು ಕಾಯಲು ಕಣ್ಣು ಇಡುತ್ತಾನೆ, ಸರಿ. ಆದರೆ ಅದೇ ಕಣ್ಣು ಕೂಲಿಯವನ ಮಾನವನ್ನೂ ಕಾಯಬೇಕು. ಅವನಿಗೆ ಇರುವ ಸೊತ್ತು ಅದೊಂದೇ. ಆರೋಪ ಬಂದಾಗ “ಆ ದಿನದ್ದನ್ನು ತೋರಿಸಿ” ಎಂದು ಕೇಳುವ ಹಕ್ಕು ಅವನಿಗಿದೆ. ತೋರಿಸಲು ಶಕ್ತವಾಗಿರುವ ಯಂತ್ರವನ್ನಿಡುವ ಹೊಣೆ ಮಾಲೀಕನದು. ಕಳ್ಳನನ್ನು ಹಿಡಿಯುವುದಕ್ಕಿಂತ ಕಳ್ಳನಲ್ಲದವನನ್ನು ಬಿಡಿಸುವುದು ಕ್ಯಾಮೆರಾದ ಹಿರಿಯ ಧರ್ಮವೆಂದು ನಾವು ತಿಳಿದಿದ್ದೇವೆ.

ಹೀಗೆ ನೋಡಿದರೆ ಆಯ್ಕೆಯ ಸೂತ್ರ ತಾನಾಗಿ ಸ್ಪಷ್ಟವಾಗುತ್ತದೆ. ಅಂಗಡಿ ದೊಡ್ಡದೋ ಚಿಕ್ಕದೋ ಎಂಬುದು ಗೌಣ. ಈ ಕ್ಯಾಮೆರಾದ ಮಾತಿನ ಮೇಲೆ ಇನ್ನೊಬ್ಬರ ಕೆಲಸವೋ ಮಾನವೋ ಸೆರೆವಾಸವೋ ನಿಲ್ಲುವ ಸಂಭವವಿದೆಯೇ ಎಂಬುದು ಪ್ರಧಾನ. ಗಂಡ-ಹೆಂಡಿರೇ ನಡೆಸುವ ಹತ್ತು ಅಡಿಯ ಕಿರಾಣಿ ಅಂಗಡಿಗೆ, ರಾತ್ರಿ ಬಾಗಿಲು ಹಾಕಿದ ಮೇಲೆ ಮನೆಯಿಂದಲೇ ಒಮ್ಮೆ ನೋಡುವುದಕ್ಕೆ, ಗೃಹಬಳಕೆಯ ಒಂದು ಒಳ್ಳೆಯ ಕ್ಯಾಮೆರಾ ಧಾರಾಳವಾಗಿ ಸಾಕು. ಅಲ್ಲಿ ಹೆಚ್ಚಿನದು ವ್ಯರ್ಥ ವೆಚ್ಚ. ನಾಲ್ಕು ಜನ ಆಳುಕಾಳು, ಗಲ್ಲಾಪೆಟ್ಟಿಗೆ, ಗೋದಾಮು, ಹೊರಗಿನವರ ಮಾಲು ಇದ್ದ ಕಡೆ ವಾಣಿಜ್ಯ ಬಳಕೆಯದೇ ಬೇಕು. ಹಣ ಸಾಲದಿದ್ದರೆ ಕ್ಯಾಮೆರಾಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು, ಗುಣವನ್ನಲ್ಲ. ಎಂಟು ಮಸುಕು ಕಣ್ಣುಗಳಿಗಿಂತ ಬಾಗಿಲಿಗೊಂದು, ತೂಕದ ಯಂತ್ರಕ್ಕೊಂದು ಎಂದು ಎರಡು ನಿಚ್ಚಳ ಕಣ್ಣುಗಳು ಮೇಲು. ಖಾತರಿ ಚೀಟಿಯಲ್ಲಿ ಗೃಹಬಳಕೆಗೆ ಮಾತ್ರವೆಂಬ ಷರತ್ತಿದೆಯೇ ಎಂಬುದನ್ನೂ, ಕೆಟ್ಟಾಗ ಇಲ್ಲಿಗೇ ಬಂದು ಸರಿಪಡಿಸುವವರು ಯಾರೆಂಬುದನ್ನೂ ಬರಹದಲ್ಲಿ ಕೇಳಿಕೊಳ್ಳಬೇಕು. ೨೦೦೮ರಲ್ಲಿ ಆರಂಭವಾದ ಆನ್‌ವಿಫ್ ಎಂಬ ಒಕ್ಕೂಟದ ಮಾನದಂಡಕ್ಕೆ ಒಳಪಟ್ಟವುಗಳಾದರೆ ಒಂದು ಕಂಪನಿಯ ಕ್ಯಾಮೆರಾವನ್ನು ಇನ್ನೊಂದರ ಪೆಟ್ಟಿಗೆಗೆ ಜೋಡಿಸಬಹುದು. ಒಬ್ಬನೇ ಮಾರಾಟಗಾರನಿಗೆ ಕಟ್ಟುಬೀಳುವುದು ತಪ್ಪುತ್ತದೆ.

ನಮ್ಮ ಅಳಿಯ ಆರು ಕ್ಯಾಮೆರಾಗಳನ್ನೂ ೬ ಟೆರಾಬೈಟಿನ ಹಾರ್ಡ್‌ಡಿಸ್ಕಿನ ಪೆಟ್ಟಿಗೆಯನ್ನೂ ಹಾಕಿಸಿದ್ದಾನೆ. ಪೆಟ್ಟಿಗೆಯನ್ನು ಕಬ್ಬಿಣದ ಬೀರಿನೊಳಗೆ, ಗಾಳಿಯಾಡುವಂತೆ, ಬೀಗ ಹಾಕಿ ಇಟ್ಟಿದ್ದಾನೆ. ಕಣ್ಣು ಗೋಡೆಯ ಮೇಲಿದ್ದು ಸ್ಮೃತಿಯನ್ನು ಕಳ್ಳ ಹೊತ್ತೊಯ್ದರೆ ಪ್ರಯೋಜನವೇನು? ಹಳೆಯ ಎರಡು ವ್ಯರ್ಥವಾಗಲಿಲ್ಲ. ಅವು ಈಗ ನಮ್ಮ ತಂಗಿಯ ಮನೆಯ ಮುಂಬಾಗಿಲನ್ನೂ ಕೊಟ್ಟಿಗೆಯನ್ನೂ ಕಾಯುತ್ತಿವೆ. ರಾತ್ರಿ ಕರು ಹಾಕುವ ಹಸುವನ್ನು ಒಳಗಿನಿಂದಲೇ ನೋಡಲು ಅವೇ ಒಳ್ಳೆಯವು. ಪ್ರತಿ ತಿಂಗಳ ಮೊದಲ ಸೋಮವಾರ ಅವನು ಮಂಡಿಯ ಗಡಿಯಾರವನ್ನು ಸರಿನೋಡಿ, ಮೂವತ್ತು ದಿನದ ಹಿಂದಿನ ಯಾವುದಾದರೊಂದು ಗಂಟೆಯ ಚಿತ್ರವನ್ನು ತೆರೆದು ನೋಡಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಹಮಾಲರಲ್ಲಿ ಹಿರಿಯನೊಬ್ಬ ಆಗ ಪಕ್ಕದಲ್ಲಿ ಕುಳಿತಿರಬೇಕೆಂಬುದು ಅವನೇ ಮಾಡಿಕೊಂಡ ನಿಯಮ. ಯಾರ ಮೇಲಾದರೂ ಮಾತು ಬಂದರೆ ಅವರಿಗೇ ಮೊದಲು ಚಿತ್ರ ತೋರಿಸಬೇಕೆಂಬುದು ಎರಡನೆಯ ನಿಯಮ.

ನಮ್ಮ ಕುಟುಂಬಗಳಲ್ಲಿ ವ್ಯಾಪಾರ ನಡೆಸುವವರು ಬಹಳ. ದೀಪಾವಳಿಗೋ ಹೊಸ ಲೆಕ್ಕದ ದಿನಕ್ಕೋ ಕ್ಯಾಮೆರಾ ತರಲು ಹೊರಡುವವರಿಗೆ ಒಂದು ವಿನಂತಿ. ಬೆಲೆಯನ್ನು ಕೇಳುವ ಮುನ್ನ ಆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯವರ ಮುಂದಿಡಿರಿ. ಕಾವಲಿನ ಕಣ್ಣು ಅನುಮಾನವನ್ನು ಬೆಳೆಸುವ ಬದಲು ಪರಿಹರಿಸುವಂತಾಗಲಿ. ಒಡೆಯ-ಆಳು ಇಬ್ಬರೂ ಅದರ ಕೆಳಗೆ ನಿರ್ಭಯವಾಗಿ ತಮ್ಮ ಕಾಯಕವನ್ನು ಮಾಡುವಂತಾಗಲಿ ಎಂಬುದೇ ನಮ್ಮ ಹಾರೈಕೆ.